ಸೈಕಲ್ ಎಲ್ಲಿ ನಿಲ್ಲಿಸಲಿ

ನಮ್ಮ ಆಸ್ಪತ್ರೆಯ ಮುಂಬಾಗಿಲ ಗೋಡೆಯ ಮೇಲೆ ಎರಡಾಳೆತ್ತರದ ಒಂದು ಚಿತ್ರವಿದೆ. ಹೊಳೆಯುವ ಸೈಕಲ್ಲುಗಳ ಮೇಲೆ ಒಬ್ಬ ಗಂಡಸು, ಒಬ್ಬಳು ಹೆಂಗಸು. ಇಬ್ಬರಿಗೂ ಬಾಯಿತುಂಬ ಹಲ್ಲು. ತಲೆಯ ಮೇಲೆ ದಪ್ಪ ಅಕ್ಷರದಲ್ಲಿ, ಕೆಲಸಕ್ಕೆ ನಡೆದು ಬನ್ನಿ, ಸೈಕಲ್ ತುಳಿದು ಬನ್ನಿ, ಹೃದಯ ಕಾಪಾಡಿಕೊಳ್ಳಿ ಎಂದು ಬರೆದಿದೆ. ಆ ಚಿತ್ರ ಕಂಡಾಗಲೆಲ್ಲ ನನ್ನ ಮೈ ಉರಿಯುತ್ತದೆ. ಮಾತೇನೋ ನೂರಕ್ಕೆ ನೂರು ನಿಜ. ಆದರೆ ಅದು ನಿಜವೆಂದು ತನ್ನ ಮೈಯಲ್ಲೇ ತೋರಿಸಿಕೊಟ್ಟ ಹೆಂಗಸು ಅದೇ ಗೋಡೆಯ ಕೆಳಗಿನ ನೆಲಮಾಳಿಗೆಯಲ್ಲಿ ಹೊಲಿಗೆ ಹಾಕುತ್ತಾ ಕೂತಿದ್ದಳು, ಮತ್ತು ಅವಳ ಸೈಕಲ್ ನಿಲ್ಲಿಸಲು ಇದೇ ಆಸ್ಪತ್ರೆ ಒಂದು ಗೇಣು ಜಾಗ ಉಳಿಸಲಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಹೊಲಿಗೆ ಕೋಣೆಯವರೆಲ್ಲ ಹೇಳುತ್ತಾರೆ. ಹೇಳಲಿ. ಬರಬೇಕಾದಾಗಲೂ ಕೋಪ ಬಾರದಿದ್ದರೆ ಅಂಥ ಮೂಗು ಇದ್ದೇನು ಪ್ರಯೋಜನ?

ಅವಳನ್ನು ನಾವು ಅಕ್ಕ ಎನ್ನುತ್ತೇವೆ. ವಾರ್ಡಿನವರು, ಅಡುಗೆಮನೆಯವರು ಸೈಕಲ್ಲಕ್ಕ ಎನ್ನುತ್ತಾರೆ. ಅವಳ ಪಕ್ಕದ ಯಂತ್ರ ನನ್ನದು. ನಮ್ಮ ಕೋಣೆಯ ಒಂದು ಗೋಡೆಯ ಆಚೆ ಬಟ್ಟೆ ಒಗೆಯುವ ಮನೆ ಇದೆ. ಹಬೆಗೆ ಆ ಗೋಡೆ ಯಾವಾಗಲೂ ಬೆವರುತ್ತಿರುತ್ತದೆ. ಇನ್ನೊಂದು ಗೋಡೆಯಲ್ಲಿ ಸೂರಿಗೆ ಅಂಟಿದಂತೆ ಒಂದು ಉದ್ದನೆಯ ಕಿಟಕಿ. ಅದರಲ್ಲಿ ಆಕಾಶ ಕಾಣುವುದಿಲ್ಲ, ಹೊರಗೆ ಓಡಾಡುವವರ ಪಾದ ಮತ್ತು ಚಕ್ರಗಳು ಮಾತ್ರ ಕಾಣುತ್ತವೆ.

ಆಸ್ಪತ್ರೆಯಲ್ಲಿ ಬಟ್ಟೆ ಪಡುವಷ್ಟು ಪಾಡನ್ನು ರೋಗಿಯೂ ಪಡುವುದಿಲ್ಲ. ರಕ್ತ, ವಾಂತಿ, ಔಷಧಿ, ಕುದಿಯುವ ನೀರು, ಸೋಡಾ, ಇಷ್ಟೆಲ್ಲ ಆದಮೇಲೆ ನಮ್ಮ ಕೈಗೆ ಬರುತ್ತದೆ. ಹರಿದ ಹಾಸಿಗೆ ಬಟ್ಟೆಗೆ ತೇಪೆ, ಆಪರೇಷನ್ ಅಂಗಿಗೆ ಕಿತ್ತುಹೋದ ಲಾಡಿ, ಕೂಸುಗಳನ್ನು ಸುತ್ತುವ ಬಟ್ಟೆಗೆ ಅಂಚು. ಯಾವ ಹಾಸು ಇನ್ನು ಬಾಳುತ್ತದೆ, ಯಾವುದು ಬಾಳುವುದಿಲ್ಲ ಎಂದು ತೀರ್ಮಾನ ಮಾಡುವವಳು ಅಕ್ಕ. ಬೆಳಕಿಗೆ ಹಿಡಿದು ನೋಡುತ್ತಾಳೆ. ಅದರೊಳಗಿಂದ ಬಲ್ಬು ಕಂಡಿತೋ, ಆ ಹಾಸಿನ ಋಣ ತೀರಿತು. ಆಗ ಅದರ ಒಂದು ಮೂಲೆಗೆ ದಪ್ಪ ಕೆಂಪು ದಾರದಲ್ಲಿ ಅಡ್ಡ ಉದ್ದ ಎರಡು ಹೊಲಿಗೆ ಹಾಕುತ್ತಾಳೆ. ಆ ಗುರುತು ಬಿದ್ದ ಬಟ್ಟೆ ಒಗೆಯುವ ಮನೆಗೆ ಹೋದರೆ ಅಲ್ಲಿನ ಅಣ್ಣ ಅದನ್ನು ಚೌಕ ಚೌಕವಾಗಿ ಕತ್ತರಿಸಿ ನೆಲ ಒರೆಸುವ ಕೋಲಿಗೆ ಕಟ್ಟುತ್ತಾನೆ. ಅಣ್ಣನಿಗೆ ಹಬೆಗೂ ಸೋಡಾಕ್ಕೂ ಕಣ್ಣು ಮಂಜಾಗಿ ವರ್ಷಗಳಾಗಿವೆ. ಅವನು ಬಟ್ಟೆಯನ್ನು ನೋಡುವುದಿಲ್ಲ, ಮೂಲೆಗಳನ್ನು ಹೆಬ್ಬೆರಳಿನಲ್ಲಿ ಸವರುತ್ತಾನೆ. ಗಂಟು ಸಿಕ್ಕಿದರೆ ಕತ್ತರಿ, ಸಿಗದಿದ್ದರೆ ಇಸ್ತ್ರಿ. ಮಧ್ಯೆ ಮಾತಿಲ್ಲ.

ಅಕ್ಕನ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಕಾಲಿನ ಒಂದು ಗಾಯ ಮಾಯದೆ ಮೊದಲು ಬೆರಳು ತೆಗೆದರು, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಕೊನೆಗೆ ಆ ಮುದುಕಿಯೇ ಹೋದಳು. ಎತ್ತಿ ಕೂರಿಸಿ, ತಿರುಗಿಸಿ ಮಲಗಿಸಿ ಸೇವೆ ಮಾಡಿದವಳು ಅಕ್ಕ. ಆದ್ದರಿಂದ ತನಗೂ ಸಕ್ಕರೆ ಇದೆ, ಜೊತೆಗೆ ರಕ್ತದೊತ್ತಡವೂ ಇದೆ ಎಂದು ಗೊತ್ತಾದ ದಿನ ಅವಳು ಯಂತ್ರದ ಮುಂದೆ ಕೂತವಳು ಹೊಲಿಯಲೇ ಇಲ್ಲ. ತನ್ನ ಎರಡು ಪಾದಗಳನ್ನೇ ನೋಡುತ್ತಾ ಕೂತಳು. 

ಈಗ ನಾವೆಲ್ಲ ದೊಡ್ಡ ಡಾಕ್ಟರು ಎನ್ನುವವರು ಆಗಿನ್ನೂ ದೊಡ್ಡವರಾಗಿರಲಿಲ್ಲ. ಹೊರರೋಗಿಗಳನ್ನು ನೋಡುವ ಕೋಣೆಯಲ್ಲಿ ಕೂರುತ್ತಿದ್ದರು. ಅವಳ ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದರಂತೆ. ಬಸ್ಸಿನಲ್ಲಿ ಕೂತು ಬರುತ್ತೇನೆ, ಇಲ್ಲಿ ಕೂತು ಹೊಲಿಯುತ್ತೇನೆ, ಬಸ್ಸಿನಲ್ಲಿ ಕೂತು ಹೋಗುತ್ತೇನೆ, ಮನೆಯಲ್ಲಿ ಕೂತು ತರಕಾರಿ ಹೆಚ್ಚುತ್ತೇನೆ ಎಂದಳಂತೆ ಅಕ್ಕ. ಅವರು ನಕ್ಕು, “ಮಾತ್ರೆ ನಾನು ಬರೆದು ಕೊಡ್ತೀನಮ್ಮ. ಆದ್ರೆ ಅರ್ಧ ಔಷಧಿ ನಿಮ್ಮ ಕಾಲಲ್ಲೇ ಇದೆ. ಕೆಲಸಕ್ಕೆ ನಡ್ಕೊಂಡು ಬನ್ನಿ, ಇಲ್ಲ ಸೈಕಲ್ ತುಳೀರಿ” ಎಂದರಂತೆ. ಆಗ ಆ ಮನುಷ್ಯ ಒಳ್ಳೆಯ ಮಾತನ್ನೇ ಹೇಳಿದ್ದ. ಎಷ್ಟು ಕೋಪವಿದ್ದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಅಕ್ಕ ಮೊದಲು ನಡೆದಳು. ಮನೆ ದೂರ. ಹುಡುಗಿಯಾಗಿದ್ದಾಗಿನಿಂದ ಕಾಲಿನಲ್ಲಿ ಹೊಲಿಗೆ ಯಂತ್ರ ತುಳಿದು ಸವೆದ ಮಂಡಿ ನಡಿಗೆಗೆ ಊದಿಕೊಂಡಿತು. ಸೈಕಲ್ಲಾದರೆ ಮಂಡಿಯ ಮೇಲೆ ಮೈಭಾರ ಬೀಳುವುದಿಲ್ಲ ಎಂದರು ಡಾಕ್ಟರು. ಸರಿ, ಬೆಳೆದ ಮಗಳು ಗುರು, ಮನೆ ಹಿಂದಿನ ಓಣಿಯೇ ಶಾಲೆ. ಮಗಳು ಹಿಂದೆ ಹಿಡಿದುಕೊಂಡು ಓಡುವುದು, ಅಕ್ಕ ಮುಂದೆ ಕಿರುಚುವುದು. ಒಮ್ಮೆ ಮರಳಿನ ರಾಶಿಗೆ ನುಗ್ಗಿದಳು, ಒಮ್ಮೆ ಯಾರದೋ ಒಣಹಾಕಿದ ಬಟ್ಟೆಯನ್ನೆಲ್ಲ ಮೈಗೆ ಸುತ್ತಿಕೊಂಡು ಬಿದ್ದಳು. ಅವಳ ಗಂಡ ಬಸ್ ಡ್ರೈವರ್. ದಿನಾ ಸಾವಿರ ಜನರನ್ನು ಕೂರಿಸಿಕೊಂಡು ಹೋಗುವ ಗಂಡನ ಹೆಂಡತಿ ಬೀದಿಯಲ್ಲಿ ಸರ್ಕಸ್ ಮಾಡುತ್ತಾಳಲ್ಲ ಎಂದು ಗೊಣಗಿದನಂತೆ. ಅದಕ್ಕೆ ಅಕ್ಕ, ನಿಮ್ಮ ಬಸ್ಸಲ್ಲಿ ಕೂತವರೆಲ್ಲ ಆಮೇಲೆ ನಮ್ಮ ಆಸ್ಪತ್ರೆಗೇ ಬಂದು ಮಲಗುತ್ತಾರೆ ಎಂದಳಂತೆ. ಡ್ರೈವರ್ ತನ್ನ ಹೊಟ್ಟೆಯನ್ನು ಒಮ್ಮೆ ನೋಡಿಕೊಂಡನಂತೆ.

ಕಲಿತಳು. ಮೊದಮೊದಲು ಕೋಣೆಗೆ ಬಂದಾಗ ತಿದಿಯ ಹಾಗೆ ಏದುಸಿರು ಬಿಡುತ್ತಿದ್ದಳು. ಕೆಲವು ತಿಂಗಳಿಗೆ ಅದು ನಿಂತಿತು. ಸಂಜೆಯ ಹೊತ್ತಿಗೆ ಚಪ್ಪಲಿ ಹಿಡಿಸದಷ್ಟು ಊದುತ್ತಿದ್ದ ಪಾದ ಊದುವುದು ಬಿಟ್ಟಿತು. ರಾತ್ರಿ ಹೊರಳಾಡುವುದು ಹೋಯಿತು, ದಿಂಬಿಗೆ ತಲೆ ಕೊಟ್ಟರೆ ನಿದ್ದೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಇಳಿಯಿತು, ಒತ್ತಡ ಹತೋಟಿಗೆ ಬಂತು, ಡಾಕ್ಟರು ಮಾತ್ರೆಯನ್ನು ಅರ್ಧ ಮಾಡಿದರು. ಇನ್ನೊಂದು ಲಾಭವನ್ನು ಯಾವ ಪರೀಕ್ಷೆಯೂ ತೋರಿಸುವುದಿಲ್ಲ. ಬೆಳಿಗ್ಗೆ ಮನೆಯಲ್ಲಿ ಆಡಿದ ಜಗಳವನ್ನು ಮೊದಲೆಲ್ಲ ಅಕ್ಕ ಕೋಣೆಯವರೆಗೂ ಹೊತ್ತು ತರುತ್ತಿದ್ದಳು, ಮಧ್ಯಾಹ್ನದವರೆಗೆ ನಾವು ಅದನ್ನು ಉಣ್ಣಬೇಕಿತ್ತು. ಸೈಕಲ್ ಹತ್ತಿದ ಮೇಲೆ ಅದು ದಾರಿಯಲ್ಲೇ ಎಲ್ಲೋ ಉದುರಿಹೋಗುತ್ತಿತ್ತು. ಬೆವರಿನ ಮುಖದಲ್ಲಿ ಬಂದು ಹಾಡು ಗುನುಗುತ್ತಾ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಅವಳನ್ನು ನೋಡಿ ವಾರ್ಡಿನ ಆಯಾಗಳು ಹಳೇ ಸೈಕಲ್ಲು ಹೊರಗೆ ತೆಗೆದರು. ಅಡುಗೆಮನೆಯ ದಢೂತಿ ಭಟ್ಟನೂ ತುಳಿಯತೊಡಗಿದ. ಡಾಕ್ಟರಿಗೆ ಹೆಮ್ಮೆಯೋ ಹೆಮ್ಮೆ. ಕಲಿಯುವ ಹುಡುಗರು ಬಂದಾಗ ಅಕ್ಕನನ್ನು ಮೇಲಕ್ಕೆ ಕರೆಸಿ, ನೋಡಿ, ಔಷಧಿಯನ್ನು ಕಾಲಲ್ಲಿ ತಗೊಂಡ ಹೆಂಗಸು ಎಂದು ತೋರಿಸುತ್ತಿದ್ದರು. ಅಕ್ಕ ನಾಚಿಕೊಂಡು ಇಳಿದು ಬರುತ್ತಿದ್ದಳು.

ಸೈಕಲ್ಲುಗಳಿಗೆ ಒಗೆಯುವ ಮನೆಯ ಗೋಡೆಗೆ ಒತ್ತಿಕೊಂಡಂತೆ ತಗಡಿನ ಸೂರಿನ ಒಂದು ಸ್ಟ್ಯಾಂಡ್ ಇತ್ತು. ನಮ್ಮ ಕಿಟಕಿಯಿಂದ ನೇರ ಅದೇ ಕಾಣುತ್ತಿತ್ತು. ಒಂದು ರಜೆ ಕಳೆದು ನಾವು ಬರುವಷ್ಟರಲ್ಲಿ ತಗಡೂ ಇಲ್ಲ, ಕಂಬವೂ ಇಲ್ಲ. ನೆಲಕ್ಕೆ ಹೊಸ ಸಿಮೆಂಟು ಬಳಿದು ಬಿಳಿ ಗೆರೆ ಎಳೆದಿದ್ದರು. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಹೊಸ ಕಟ್ಟಡ ಏಳುತ್ತಿತ್ತು, ನಮ್ಮ ಡಾಕ್ಟರು ಅದಕ್ಕೆ ಮುಖ್ಯಸ್ಥರು, ಅವರಿಗೂ ಅವರ ಜೊತೆಯವರಿಗೂ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಅಕ್ಕನ ಸೈಕಲ್ ನಿಲ್ಲುತ್ತಿದ್ದ ಕಡೆಯೇ ಮೊದಲ ಚೌಕ, ಅದರಲ್ಲಿ ದೊಡ್ಡ ಡಾಕ್ಟರ ಹುದ್ದೆಯನ್ನು ಹಳದಿ ಬಣ್ಣದಲ್ಲಿ ಬರೆದಿದ್ದರು. ಅಂದಿನಿಂದ ನಮ್ಮ ಕಿಟಕಿಗೆ ಟೈರು ಬಿಟ್ಟು ಬೇರೇನೂ ಕಾಣಲಿಲ್ಲ.

ಅಕ್ಕ ಆಡಳಿತ ನೋಡಿಕೊಳ್ಳುವ ಮೇಲ್ವಿಚಾರಕನ ಬಳಿ ಹೋದಳು. ನಾನೂ ಜೊತೆಗೆ ಹೋದೆ. ಅವಳು ಮೆಲ್ಲಗೆ ಕೇಳಿದಳು, ನಾನು ಜೋರಾಗಿ ಕೇಳಿದೆ. ಸೈಕಲ್ಲಿನವರು ನಾಲ್ಕು ಜನ, ಅವರಿಗಾಗಿ ಇಡೀ ನಕ್ಷೆ ಬದಲಿಸಲು ಆಗುತ್ತದೆಯೇ ಎಂದು ಅವನು ಕೇಳಿದ. ಹೊರಗೆ ರಸ್ತೆಯ ಪಕ್ಕ ಕಬ್ಬಿಣದ ಬೇಲಿ ಇದೆಯಲ್ಲ, ಅದಕ್ಕೆ ಸರಪಳಿ ಹಾಕಿಕೊಳ್ಳಿ ಎಂದ. ಅವನ ಮೇಜಿನ ಹಿಂದಿನ ಗೋಡೆಯಲ್ಲೂ ಅದೇ ಹಲ್ಲುಗಿಂಜುವ ಜೋಡಿ ಸೈಕಲ್ ಮೇಲೆ ಕೂತಿತ್ತು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂದು ಅವನ ಮುಖಕ್ಕೇ ಹೇಳಿದೆ. ಅಕ್ಕ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ಬೇಲಿಗೆ ಕಟ್ಟಿದ ಸೈಕಲ್ಲುಗಳಿಗೆ ಕಳ್ಳರ ಕಾಟ ಶುರುವಾಯಿತು. ಭಟ್ಟನದು ಸೀಟು ಹೋಯಿತು, ಆಯಾ ಒಬ್ಬಳದು ಚಕ್ರ ಹೋಯಿತು. ಒಂದು ಸಂಜೆ ಅಕ್ಕ ಹೊರಗೆ ಹೋದರೆ ಬೇಲಿಯಲ್ಲಿ ಕತ್ತರಿಸಿದ ಸರಪಳಿ ಮಾತ್ರ ನೇತಾಡುತ್ತಿತ್ತು. ಅದನ್ನೇ ಕೈಯಲ್ಲಿ ಹಿಡಿದುಕೊಂಡು ಬಸ್ಸಿಗೆ ಕಾದು ನಿಂತಳು. ಮಗಳ ಸೈಕಲ್ ಇತ್ತು, ಆದರೆ ಮಗಳು ಅದರಲ್ಲೇ ಕಾಲೇಜಿಗೆ ಹೋಗಬೇಕು, ಅದನ್ನೂ ಕಳ್ಳರಿಗೆ ಒಪ್ಪಿಸಲು ಅವಳು ತಯಾರಿರಲಿಲ್ಲ. ಮತ್ತೆ ನಡೆದು ನೋಡಿದಳು, ಮತ್ತೆ ಮಂಡಿ ಊದಿತು. ಕೊನೆಗೆ ಬಸ್ಸೇ ಗತಿ. ಭಟ್ಟನೂ ಆಯಾಗಳೂ ಅದಕ್ಕೂ ಮೊದಲೇ ಕೈಚೆಲ್ಲಿದ್ದರು.

ಏರಿದ್ದು ನಿಧಾನವಾಗಿ, ಇಳಿದದ್ದು ದಡದಡನೆ. ಪಾದ ಮತ್ತೆ ಊದತೊಡಗಿತು. ಗುನುಗು ನಿಂತಿತು. ಅರ್ಧಕ್ಕೆ ಇಳಿದಿದ್ದ ಮಾತ್ರೆ ಮೊದಲಿನಷ್ಟಾಯಿತು, ಆಮೇಲೆ ಅದಕ್ಕಿಂತ ಹೆಚ್ಚಾಯಿತು. ಹೀಗಿರುವಾಗ ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲಿ ಯಾರದೋ ಬೂಟಿನ ಹಿಮ್ಮಡಿ ಅವಳ ಬಲಗಾಲಿನ ಬೆರಳ ಮೇಲೆ ಬಿತ್ತು. ಉಗುರು ಅರ್ಧ ಎದ್ದುಹೋಯಿತು. ಬೇರೆಯವರಿಗಾದರೆ ವಾರದ ಮಾತು. ಅಕ್ಕನಿಗೆ ಅದು ಮಾಯಲಿಲ್ಲ. ಅವಳು ನಮಗೆ ಹೇಳಲಿಲ್ಲ, ಬಟ್ಟೆ ಸುತ್ತಿ ಮುಚ್ಚಿಟ್ಟಳು. ತಾಯಿಯ ಕಾಲನ್ನು ನೋಡಿದವಳಿಗೆ ತನ್ನ ಕಾಲನ್ನು ನೋಡಿಕೊಳ್ಳುವ ಧೈರ್ಯ ಇರಲಿಲ್ಲ.

ಅವಳು ಕುಂಟುವುದನ್ನು ಕಂಡು ನಾನು ಗದರಿಸಿದ ಮೇಲೆ ಹೊರರೋಗಿ ಕೋಣೆಗೆ ಹೋದಳು. ಅಲ್ಲಿ ಈಗ ಕೂರುವ ಹೊಸ ಹುಡುಗ ತಲೆ ಎತ್ತದೆ ಒಂದು ಮುಲಾಮು ಬರೆದು, ಕೈಗೊಂದು ಚೀಟಿ ಕೊಟ್ಟು ಕಳಿಸಿದ. ಚೀಟಿಯಲ್ಲಿ ಏನಿತ್ತು ಅಂತೀರಿ? ಅದೇ ಗಂಡಸು, ಅದೇ ಹೆಂಗಸು, ಅದೇ ಹಲ್ಲು. ಕೆಲಸಕ್ಕೆ ಸೈಕಲ್ ತುಳಿದು ಬನ್ನಿ. ನಾನು ಅದನ್ನು ಚೂರುಚೂರು ಮಾಡಿ ಬುಟ್ಟಿಗೆ ಹಾಕಿದೆ. ಯಾಕೆ ಹರೀತೀಯ, ಅದರಲ್ಲಿರೋದು ನಿಜಾನೇ ತಾನೆ ಎಂದಳು ಅಕ್ಕ. ಅವಳ ಆ ಸಮಾಧಾನ ಕಂಡು ನನಗೆ ಅವಳ ಮೇಲೂ ಸಿಟ್ಟು ಬಂತು.

ಗಾಯದ ಮೇಲೆ ಬರೆ ಎಳೆದಂತೆ ಅದೇ ವಾರ ನಮ್ಮ ಕೋಣೆಗೆ ಒಂದು ಅಪ್ಪಣೆ ಬಂತು. ಹೊಸ ಕಟ್ಟಡ ತೆರೆಯುವ ದಿನ ಬಾಗಿಲ ಮೇಲೆ ಕಂಬದಿಂದ ಕಂಬಕ್ಕೆ ಕಟ್ಟಲು ಒಂದು ಉದ್ದನೆಯ ಬಟ್ಟೆ ಬೇಕು. ಬಿಳಿ ಬಟ್ಟೆಯ ಮೇಲೆ ಕೆಂಪು ಅಕ್ಷರ ಕತ್ತರಿಸಿ ಹೊಲಿಯಬೇಕು. ಅಕ್ಷರಗಳೂ ಅವೇ, ನಡೆಯಿರಿ, ಸೈಕಲ್ ತುಳಿಯಿರಿ, ಹೃದಯ ಉಳಿಸಿರಿ. ಹೊಸ ಬಟ್ಟೆ ಕೊಡುವುದಿಲ್ಲ, ಕೆಲಸಕ್ಕೆ ಬಾರದ ಹಾಸುಗಳಲ್ಲೇ ಗಟ್ಟಿ ಭಾಗ ನೋಡಿ ಜೋಡಿಸಿಕೊಳ್ಳಿ ಎಂದು ಮೇಲ್ವಿಚಾರಕ ಹೇಳಿ ಕಳಿಸಿದ. ಇಡೀ ಕಟ್ಟಡಕ್ಕೆ ಹೊಳೆಯುವ ಕಲ್ಲು ಹಾಸಿದವರಿಗೆ ನಾಲ್ಕು ಮಾರು ಬಟ್ಟೆ ಹೊರೆಯಾಯಿತು.

ನಾನು ಈ ಕೆಲಸ ಮುಟ್ಟುವುದಿಲ್ಲ ಎಂದೆ. ನೀನೂ ಮುಟ್ಟಬೇಡ ಎಂದು ಅಕ್ಕನಿಗೂ ಹೇಳಿದೆ. ಕೆಲಸದ ಮೇಲೆ ಏನು ಸಿಟ್ಟು, ಹೊಲಿಗೆ ಸೊಟ್ಟಗಾದರೆ ಹೆಸರು ಕೆಡುವುದು ನಮ್ಮದು ಎಂದು ಅವಳು ಕೂತೇಬಿಟ್ಟಳು. ನೋವಿದ್ದ ಬಲಗಾಲನ್ನು ಪಕ್ಕಕ್ಕೆ ಚಾಚಿ, ಎಡಗಾಲೊಂದರಲ್ಲೇ ಯಂತ್ರ ತುಳಿದಳು. ಒಂದೊಂದು ಅಕ್ಷರದ ಸುತ್ತ ಎರಡೆರಡು ಸಾಲು ಹೊಲಿಗೆ. ಅವಳಿಗೆ ಒಳಗೆ ಜ್ವರ ಇತ್ತು, ಮುಖ ಕೆಂಪಾಗಿತ್ತು. ಕೊನೆಯ ತುಂಡಿನ ಮೂಲೆಯಲ್ಲಿ ಅವಳೇ ಹಿಂದೊಮ್ಮೆ ಹಾಕಿದ್ದ ಕೆಂಪು ಗುರುತು ಇತ್ತು. ಅದನ್ನು ಬಿಚ್ಚಲು ಹೊತ್ತಿರಲಿಲ್ಲ, ಮೇಲಿನಿಂದ ಆಳು ಬಂದು ಬಾಗಿಲಲ್ಲಿ ನಿಂತಿದ್ದ. ಗುರುತು ಒಳಗೆ ಹೋಗುವಂತೆ ಅಂಚನ್ನು ಮಡಿಸಿ ಹೊಲಿದಳು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಟ್ಟೆ ಇಸ್ತ್ರಿಗೆಂದು ಒಗೆಯುವ ಮನೆಗೆ ಹೋಯಿತು.

ಕಣ್ಣಿಗೆ ಕಾಣದ್ದು ಅಣ್ಣನ ಹೆಬ್ಬೆರಳಿಗೆ ಸಿಕ್ಕಿತು. ಮಡಿಕೆಯ ಒಳಗಿಂದಲೇ ಗಂಟು ತಾಕಿತು. ಗಂಟು ಎಂದರೆ ಕತ್ತರಿ. ಇಷ್ಟುದ್ದದ ಹಾಸು ಯಾವ ರೋಗಿಯದಪ್ಪ ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತಂತೆ, ಆದರೂ ಅಕ್ಕನ ಗುರುತು ಸುಳ್ಳಾದದ್ದು ಅವನು ಕಂಡಿರಲಿಲ್ಲ. ಚೌಕ ಚೌಕವಾಗಿ ಕತ್ತರಿಸಿ ಕೋಲುಗಳಿಗೆ ಕಟ್ಟಿಬಿಟ್ಟ.

ತೆರೆಯುವ ದಿನ ಬೆಳಿಗ್ಗೆ ಹೊಸ ಕಟ್ಟಡದ ಪಡಸಾಲೆಯನ್ನು ಒರೆಸಲು ಹೊಸ ಬಟ್ಟೆಯ ಕೋಲುಗಳು ಬಂದವು. ಒಬ್ಬಳು ‘ಹೃದ’ ಹಿಡಿದು ಮೆಟ್ಟಿಲು ಒರೆಸಿದಳು, ಇನ್ನೊಬ್ಬಳು ‘ತುಳಿ’ ಹಿಡಿದು ಕಕ್ಕಸಿನ ಬಾಗಿಲು ಒರೆಸಿದಳು. ಬಟ್ಟೆ ಎಲ್ಲಿ ಬಟ್ಟೆ ಎಲ್ಲಿ ಎಂದು ಕೂಗಾಡುತ್ತಿದ್ದ ಮೇಲ್ವಿಚಾರಕ ಕಾಲ ಬುಡದಲ್ಲಿ ಒದ್ದೆಯಾದ ‘ಸೈ’ ನೋಡಿ ನಿಂತಲ್ಲೇ ನಿಂತನಂತೆ. ಸುದ್ದಿ ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಹಳ ದಿನದ ಮೇಲೆ ನಕ್ಕದ್ದು, ಕಣ್ಣಲ್ಲಿ ನೀರೇ ಬಂತು. ಅಕ್ಕ ನಗಲಿಲ್ಲ. ಅಣ್ಣನ ಮೇಲೆ ಬಂದುಬಿಡುತ್ತದೆ ಎಂದು ಎದ್ದು ನಿಂತಳು.

ಬಂದರು. ಮೇಲ್ವಿಚಾರಕ ಮುಂದೆ, ಅವನ ಹಿಂದೆ ಹೊಸ ಕೋಟಿನಲ್ಲಿ ದೊಡ್ಡ ಡಾಕ್ಟರು. ನೆಲಮಾಳಿಗೆಗೆ ಅವರು ಇಳಿದದ್ದು ಅದೇ ಮೊದಲು. ಯಾರ ಕೆಲಸ ಇದು, ಬೇಕೆಂದೇ ಮಾಡಿದ್ದು, ಅತಿಥಿಗಳ ಮುಂದೆ ಮಾನ ಹೋಯಿತು ಎಂದು ಮೇಲ್ವಿಚಾರಕ ಹಾರಾಡಿದ. ಗುರುತು ಬಿಚ್ಚದೆ ಕಳಿಸಿದವಳು ನಾನು, ಅಣ್ಣನದು ತಪ್ಪಿಲ್ಲ ಎಂದಳು ಅಕ್ಕ. ದೊಡ್ಡ ಡಾಕ್ಟರು ಅವಳನ್ನು ಗುರುತು ಹಿಡಿದರು. ಅವರ ಮುಖ ಸ್ವಲ್ಪ ಸಡಿಲವಾಯಿತು.

“ನೀವಾ? ಹೇಗಿದೀರಮ್ಮ? ಸೈಕಲ್ ತುಳೀತಿದೀರಿ ತಾನೆ?”

ಆ ಪ್ರಶ್ನೆಗೆ ನನ್ನ ನೆತ್ತಿಗೆ ರಕ್ತ ಏರಿತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಮಾತಾಡಿದಳು.

“ಎಲ್ಲಿ ನಿಲ್ಲಿಸ್ಲಿ ಸಾರ್? ನನ್ನ ಸೈಕಲ್ ನಿಲ್ತಿದ್ದ ಜಾಗದಲ್ಲಿ ಈಗ ನಿಮ್ಮ ಕಾರು ನಿಲ್ಲುತ್ತೆ.”

ಅವರು ಮೇಲ್ವಿಚಾರಕನನ್ನು ನೋಡಿದರು, ಅವನು ನೆಲ ನೋಡಿದ. ಅಕ್ಕ ಸ್ಟೂಲಿನ ಮೇಲೆ ಕೂತು ಬಲಗಾಲಿನ ಬಟ್ಟೆ ಬಿಚ್ಚಿದಳು. ಕೋಣೆಯಲ್ಲಿ ವಾಸನೆ ಹರಡಿತು. ಬೆರಳು ಕಪ್ಪಾಗಿತ್ತು, ಪಕ್ಕದ ಬೆರಳಿಗೂ ಹತ್ತಿತ್ತು. ಪಾದ ಬೆಂಕಿಯಂತೆ ಕೆಂಪಗಿತ್ತು. ಅಕ್ಕಪಕ್ಕದಲ್ಲೇ ಕೂತು ಕೆಲಸ ಮಾಡುವ ನನಗೂ ಅದು ಇಷ್ಟು ಮುಂದೆ ಹೋಗಿದೆ ಎಂದು ತಿಳಿದಿರಲಿಲ್ಲ. ದೊಡ್ಡ ಡಾಕ್ಟರು ಹೊಸ ಕೋಟಿನ ಪರಿವೆಯಿಲ್ಲದೆ ಮಂಡಿಯೂರಿ ಕೂತು ಪಾದ ಹಿಡಿದು ನೋಡಿದರು. ಮೊದಲೇ ಯಾಕೆ ಬರಲಿಲ್ಲ ಎಂದು ಬೈದರು. ಬಂದಿದ್ದಳು, ನಿಮ್ಮವರು ಸೈಕಲ್ ತುಳಿ ಅಂತ ಚೀಟಿ ಕೊಟ್ಟು ಕಳಿಸಿದರು ಎಂದೆ ನಾನು. ಅವರು ಗಾಲಿ ಮಂಚ ತರಿಸಿದರು.

ಆ ಹೊಸ ಕಟ್ಟಡದಲ್ಲಿ ಮಲಗಿದ ಮೊದಲ ರೋಗಿ ಅಕ್ಕ. ಮಾರನೆಯ ದಿನ ಅವಳ ಎರಡು ಬೆರಳು ತೆಗೆದರು. ಪಾದ ಉಳಿಯುವುದೋ ಇಲ್ಲವೋ ಎಂದು ನಾವೆಲ್ಲ ಕಾದೆವು. ಡ್ರೈವರ್ ಗಂಡ ರಜೆ ಹಾಕಿ ಮಂಚದ ಪಕ್ಕ ಕೂತ. ಆ ದಢೂತಿ ಮನುಷ್ಯ ಹೆಂಡತಿಯ ಪಾದದ ಬ್ಯಾಂಡೇಜ್ ಬಿಚ್ಚುವಾಗಲೆಲ್ಲ ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದ. ಗಾಯ ಹಟ ಮಾಡಿತು, ಆಮೇಲೆ ಮಣಿಯಿತು. ಪಾದ ಉಳಿಯಿತು.

ಗಾಯ ಒಣಗುವ ಹೊತ್ತಿಗೆ ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಕಲಿಯುವ ಹುಡುಗ ಹುಡುಗಿಯರನ್ನು ಕರೆದುಕೊಂಡು ಅವಳ ಮಂಚದ ಬಳಿ ಬಂದರು. ನಾನು ಅವಳಿಗೆ ತಲೆ ಬಾಚುತ್ತಿದ್ದೆ. ಇಂಥ ರೋಗಿಗೆ ಗಾಯ ಪೂರ್ತಿ ವಾಸಿಯಾದ ಮೇಲೆ ಮೈ ದಣಿಸುವುದೇ ಮುಖ್ಯ, ದಿನಾ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗಿ ಬಂದರೆ ಮಾತ್ರೆಗೂ ಮಿಗಿಲು ಎಂದು ಅವರು ವಿವರಿಸಿದರು. ಅಕ್ಕ ಎದ್ದು ದಿಂಬಿಗೆ ಒರಗಿ ಕೂತಳು. ಇಷ್ಟು ವರ್ಷದಲ್ಲಿ ನಾನು ಅವಳ ದನಿ ಏರಿದ್ದನ್ನು ಕೇಳಿದ್ದು ಅಂದೇ.

“ಅದನ್ನ ನೀವು ಹೇಳೋದೂ ಸಾಕು, ನಾನು ಕೇಳೋದೂ ಸಾಕು ಸಾರ್. ನಿಲ್ಲಿಸೋದು ಎಲ್ಲಿ ಅಂತ ಈ ಮಕ್ಕಳ ಮುಂದೆ ಹೇಳಿ.”

ಅವರು ಕೆಮ್ಮಿದರು. ಅದು ಕಟ್ಟಡದ ಸಮಿತಿಗೆ ಬಿಟ್ಟ ವಿಷಯ, ತಮ್ಮ ಕೈಯಲ್ಲಿಲ್ಲ ಎಂದರು.

“ಸಮಿತಿಗೆ ಬಿಟ್ಟಿದ್ದು ಜಾಗ. ಬೆರಳು ಹೋಗಿದ್ದು ನಂದು” ಎಂದಳು ಅಕ್ಕ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಅಕ್ಕ ಕೋಪವನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ ಕಾಣೆ, ಅದು ಮತ್ತೆ ಒಳಗೆ ಹೋಗಲಿಲ್ಲ.

ಗಾಯ ಪೂರ್ತಿ ಮಾದು, ಕಟ್ಟು ಬಿಚ್ಚಿ, ಅಗಲವಾದ ಮುಚ್ಚು ಚಪ್ಪಲಿ ಕೊಟ್ಟು, ಇನ್ನು ಸೈಕಲ್ ತುಳಿಯಬಹುದು ಎನ್ನುವಷ್ಟರಲ್ಲಿ ತಿಂಗಳುಗಳೇ ಉರುಳಿದವು. ಡ್ರೈವರ್ ಗಂಡ ಬಸ್ ಡಿಪೋದ ಗುಜರಿಯಿಂದ ಒಂದು ಹಳೇ ಸೈಕಲ್ ತಂದು, ತಾನೇ ಕೂತು ತಿಕ್ಕಿ, ಎಣ್ಣೆ ಹಾಕಿ, ಬ್ರೇಕು ಬಿಗಿ ಮಾಡಿದ. ಸ್ಟ್ಯಾಂಡಿನ ವಿಷಯದಲ್ಲಿ ಆಸ್ಪತ್ರೆಯವರು ಅಷ್ಟು ದಿನವೂ ಒಂದು ಕಲ್ಲನ್ನೂ ಆಚೀಚೆ ಸರಿಸಿರಲಿಲ್ಲ. ನಾನು ಕೇಳಿದಾಗಲೆಲ್ಲ ಪರಿಶೀಲನೆಯಲ್ಲಿದೆ ಎನ್ನುತ್ತಿದ್ದ ಮೇಲ್ವಿಚಾರಕ.

ಅವಳು ಕೆಲಸಕ್ಕೆ ಮರಳಿದ ಬೆಳಿಗ್ಗೆ ನಾನು ಗೇಟಿನ ಬಳಿಯೇ ಕಾಯುತ್ತಿದ್ದೆ. ಬಂದಳು. ನಿಧಾನವಾಗಿ, ನೇರವಾಗಿ. ಬೇಲಿಯ ಬಳಿ ಇಳಿಯಲಿಲ್ಲ. ಕಾವಲುಗಾರ ಸೀಟಿ ಊದಿದ, ಅವಳು ತಿರುಗಲಿಲ್ಲ. ಗೋಡೆ ಪಕ್ಕದ ಮೊದಲ ಚೌಕಕ್ಕೆ ಹೋಗಿ, ಹಳದಿ ಅಕ್ಷರದ ಮೇಲೆ ಸೈಕಲ್ ನಿಲ್ಲಿಸಿ, ಇಳಿಯದೆ ಸೀಟಿನ ಮೇಲೇ ಕೂತಳು. ಕಾವಲುಗಾರ ಓಡಿ ಬಂದ. ಅಕ್ಕಾ, ನನ್ನ ಕೆಲಸ ಹೋಗತ್ತೆ, ಇದು ದೊಡ್ಡ ಡಾಕ್ಟರ ಜಾಗ, ಎತ್ತಿ ಹೊರಗೆ ಹಾಕಬೇಕಾಗತ್ತೆ ಎಂದು ಗೋಗರೆದ.

“ಎತ್ತಪ್ಪ. ನನ್ನನ್ನೂ ಸೇರಿಸಿ ಎತ್ತು” ಎಂದಳು ಅಕ್ಕ.

ಅಷ್ಟರಲ್ಲಿ ಕಾರು ಬಂತು. ಒಮ್ಮೆ ಹಾರ್ನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು. ಅಕ್ಕ ಗೋಡೆ ನೋಡುತ್ತಾ ಕೂತೇ ಇದ್ದಳು. ಒಗೆಯುವ ಮನೆಯ ಅಣ್ಣ ಬಾಗಿಲಿಗೆ ಬಂದ, ಭಟ್ಟ ಸೌಟು ಹಿಡಿದುಕೊಂಡೇ ಬಂದ, ಆಯಾಗಳು ಬಂದರು. ನಾನು ಹೋಗಿ ಸೈಕಲ್ಲಿನ ಹಿಂದೆ, ಕಾರಿನ ಮುಂದೆ ನಿಂತುಕೊಂಡೆ. ಇಷ್ಟು ಸಣ್ಣ ಜಾಗಕ್ಕೆ ಇಷ್ಟು ದೊಡ್ಡ ಬೆಲೆ ಕೊಡಬೇಕಾಯಿತಲ್ಲ ಎಂಬ ಸಿಟ್ಟು ನನಗೆ.

ದೊಡ್ಡ ಡಾಕ್ಟರು ಕಾರಿನಿಂದ ಇಳಿದರು. ಏನೋ ಹೇಳಲು ಬಾಯಿ ತೆರೆದವರು ನೆಲಕ್ಕೆ ಊರಿದ್ದ ಅವಳ ಬಲಗಾಲನ್ನು ನೋಡಿದರು. ಮುಚ್ಚು ಚಪ್ಪಲಿಯ ಮುಂಭಾಗ ಒಂದು ಕಡೆ ಖಾಲಿಯಾಗಿ ಒಳಗೆ ಕುಸಿದಿತ್ತು. ಕಾರನ್ನು ಹೊರಗೆ ರಸ್ತೆಯಲ್ಲಿ ನಿಲ್ಲಿಸು ಎಂದು ಚಾಲಕನಿಗೆ ಹೇಳಿ, ಚೀಲವನ್ನು ತಾವೇ ಹಿಡಿದು ಕಟ್ಟಡದವರೆಗೆ ನಡೆದು ಹೋದರು.

ಅಕ್ಕ ಆಗ ಇಳಿದಳು. ಸೈಕಲ್ಲಿಗೆ ಬೀಗ ಹಾಕಿದಳು. ಕೋಣೆಗೆ ಬಂದು ಯಂತ್ರದ ಮುಂದೆ ಕೂತು, ಅಂದಿನ ಹರಿದ ಹಾಸನ್ನು ಎತ್ತಿ ಬೆಳಕಿಗೆ ಹಿಡಿದಳು. ಯಾರೂ ಯಾರಿಗೂ ಹೇಳಿ ಕಳಿಸಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ದೊಡ್ಡ ಡಾಕ್ಟರ ಕಾರು ಬರುವಷ್ಟರಲ್ಲಿ ಆ ಬಿಳಿ ಗೆರೆಗಳ ನಡುವೆ ಅಕ್ಕನದು, ಭಟ್ಟನದು, ಆಯಾಗಳದು ಎಂದು ಸೈಕಲ್ಲುಗಳು ಒತ್ತೊತ್ತಾಗಿ ನಿಂತಿದ್ದವು, ಕಾರು ನಿಲ್ಲಿಸಲು ಜಾಗವಿರಲಿಲ್ಲ.